ಹಗುರವಾದ ಸ್ಕೀ ಅಂದರೆ ಸುಲಭವಾದ ಸ್ಕೀಯೇ? ಚಿಕ್ಕ ತಿರುವುಗಳ ಹಿಂದಿನ ಲೆಕ್ಕ

ಆಲ್ಪ್ಸ್ ತಪ್ಪಲಿನ ಊರುಗಳ ಸ್ಕೀ ಅಂಗಡಿಗಳಲ್ಲಿ ಒಂದು ದೃಶ್ಯ ಪದೇ ಪದೇ ಕಣ್ಣಿಗೆ ಬೀಳುತ್ತದೆ. ಕೊಳ್ಳಲು ಬಂದವರು ಗೋಡೆಗೆ ಒರಗಿಸಿಟ್ಟ ಸ್ಕೀಗಳಲ್ಲಿ ಒಂದನ್ನು ಎಡಗೈಯಲ್ಲಿ, ಇನ್ನೊಂದನ್ನು ಬಲಗೈಯಲ್ಲಿ ಎತ್ತಿ ತೂಗಿ ನೋಡುತ್ತಾರೆ. ನಮ್ಮಲ್ಲಿ ತೆಂಗಿನಕಾಯಿ ಆರಿಸುವುದೂ ಹೀಗೆಯೇ. ವ್ಯತ್ಯಾಸ ಇಷ್ಟೇ, ತೆಂಗಿನಕಾಯಿಯಲ್ಲಿ ಭಾರವಾದದ್ದನ್ನು ಇಟ್ಟುಕೊಳ್ಳುತ್ತೇವೆ, ಸ್ಕೀಯಲ್ಲಿ ಹಗುರವಾದದ್ದನ್ನು. ಕೊಳ್ಳುವವರು ಹೆಂಗಸರಾಗಿದ್ದರೆ ಅಂಗಡಿಯವರೂ ಒಂದು ಮಾತು ಸೇರಿಸುತ್ತಾರೆ: "ಇದು ಲೇಡೀಸ್ ಮಾಡೆಲ್, ತುಂಬಾ ಹಗುರ, ತಿರುಗಿಸುವುದು ಸುಲಭ."

ಈ ಮಾತು ನಿಜವೇ? ಅರ್ಧ ನಿಜ. ಉಳಿದ ಅರ್ಧ ತಿಳಿಯದೆ ಕೊಂಡರೆ ಏನಾಗುತ್ತದೆ ಎಂದರೆ, ಸ್ಕೀ ತಿರುಗುವುದಿಲ್ಲ, ಗಟ್ಟಿ ಹಿಮದ ಮೇಲೆ ನಡುಗುತ್ತದೆ, ಹಾಕಿಕೊಂಡವರು ಮಾತ್ರ "ನನ್ನ ಕಾಲಿಗೆ ಬಲ ಸಾಲದು" ಎಂದುಕೊಂಡು ಸುಮ್ಮನಾಗುತ್ತಾರೆ. ಜರ್ಮನಿ, ಸ್ವಿಟ್ಜರ್‌ಲೆಂಡ್, ಕೆನಡಾಗಳಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಲ್ಲಿ ಮೂವತ್ತು ದಾಟಿದ ಮೇಲೆ ಸ್ಕೀಯಿಂಗ್ ಕಲಿಯುವವರು ಬಹಳ ಮಂದಿ. ಮಕ್ಕಳು ಶಾಲೆಯ ಜೊತೆ ಹೋಗಿ ಒಂದೇ ವಾರದಲ್ಲಿ ಕಲಿತು ಬರುತ್ತಾರೆ. ಅವರ ಹಿಂದೆ ಅಮ್ಮಂದಿರು ಶುರು ಮಾಡುತ್ತಾರೆ. ಒಂದೆರಡು ಚಳಿಗಾಲ ಬಾಡಿಗೆ ಸ್ಕೀಯಲ್ಲಿ ಕಳೆದ ಮೇಲೆ ಸ್ವಂತದ್ದೊಂದು ಬೇಕೆನಿಸುತ್ತದೆ. ಈ ಲೇಖನ ಆ ಹಂತದಲ್ಲಿರುವವರಿಗೆ.

ಜಾರುವುದು ಬೇರೆ, ಕೊರೆಯುವುದು ಬೇರೆ

ಸ್ಕೀ ಮೇಲೆ ನಿಂತು ತಿರುಗಲು ಎರಡು ದಾರಿಗಳಿವೆ. ಒಂದು, ಪಾದಗಳನ್ನು ತಿರುಚಿ ಸ್ಕೀಯ ಹಿಂಭಾಗವನ್ನು ಪಕ್ಕಕ್ಕೆ ಜಾರಿಸುವುದು. ಹಿಮದ ಮೇಲೆ ಅಗಲವಾಗಿ ಕಸಬರಿಕೆಯಿಂದ ಗುಡಿಸಿದಂಥ ಗುರುತು ಉಳಿಯುತ್ತದೆ. ಎಲ್ಲರೂ ಮೊದಲು ಕಲಿಯುವುದು ಇದನ್ನೇ. ಇನ್ನೊಂದು, ಸ್ಕೀಯನ್ನು ಒಂದು ಬದಿಗೆ ವಾಲಿಸಿ ಅದರ ಉಕ್ಕಿನ ಅಂಚು ಹಿಮವನ್ನು ಕೊರೆದುಕೊಂಡು ಸಾಗಲು ಬಿಡುವುದು. ಆಗ ಹಿಂದೆ ಉಳಿಯುವುದು ಪೆನ್ಸಿಲ್‌ನಲ್ಲಿ ಗೀಚಿದಂಥ ಎರಡು ತೆಳ್ಳನೆಯ ಗೆರೆಗಳು. ಇದಕ್ಕೆ ಕಾರ್ವಿಂಗ್ ಎನ್ನುತ್ತಾರೆ. ಇಲ್ಲಿ ತಿರುಗಿಸುವ ಕೆಲಸ ಮಾಡುವುದು ಸ್ಕೀಯೇ. ನಾವು ಮಾಡುವುದು ವಾಲಿಸಿ, ಅದರ ಮೇಲೆ ಭದ್ರವಾಗಿ ನಿಲ್ಲುವುದಷ್ಟೇ.

ಸ್ಕೀ ತಾನಾಗಿ ಹೇಗೆ ತಿರುಗುತ್ತದೆ? ಮನೆಯಲ್ಲೇ ನೋಡಬಹುದು. ಹಳೆಯದೊಂದು ಲಗ್ನಪತ್ರಿಕೆಯ ದಪ್ಪ ಹಾಳೆಯಿಂದ ಸ್ಕೀಯಂತೆ ಉದ್ದನೆಯ ಪಟ್ಟಿ ಕತ್ತರಿಸಿ. ಎರಡೂ ಬದಿ ನಡುವೆ ಸ್ವಲ್ಪ ಒಳಸರಿದಿರಲಿ, ಅಂದರೆ ತುದಿಗಳು ಅಗಲ, ಸೊಂಟ ಸಣ್ಣ. ಪಟ್ಟಿಯನ್ನು ಮೇಜಿನ ಮೇಲೆ ಓರೆಯಾಗಿ ಹಿಡಿದರೆ ಎರಡು ತುದಿಗಳು ಮಾತ್ರ ಮೇಜನ್ನು ಮುಟ್ಟುತ್ತವೆ, ನಡುಭಾಗ ಮೇಲೆ ಉಳಿಯುತ್ತದೆ. ಈಗ ನಡುವೆ ಬೆರಳಿನಿಂದ ಒತ್ತಿ. ಪಟ್ಟಿ ಬಿಲ್ಲಿನಂತೆ ಬಾಗಿ, ಅಂಚು ಪೂರ್ತಿಯಾಗಿ ಮೇಜಿಗೆ ತಾಗುತ್ತದೆ. ಆ ಅಂಚು ಮೇಜಿನ ಮೇಲೆ ಮೂಡಿಸುವ ಕಮಾನೇ ಸ್ಕೀಯ ತಿರುವು. ಪಟ್ಟಿಯನ್ನು ಇನ್ನಷ್ಟು ಓರೆ ಮಾಡಿ ಒತ್ತಿದರೆ ಕಮಾನು ಇನ್ನಷ್ಟು ಬಿಗಿಯಾಗುತ್ತದೆ.

ಈ ಲಗ್ನಪತ್ರಿಕೆಯ ಪಟ್ಟಿಯಲ್ಲಿ ಮೂರು ಸಂಗತಿಗಳಿವೆ: ಸೊಂಟ ಎಷ್ಟು ಒಳಸರಿದಿದೆ, ಎಷ್ಟು ಓರೆ ಮಾಡಿದ್ದೇವೆ, ಒತ್ತಿದಾಗ ಪಟ್ಟಿ ಬಾಗುತ್ತದೆಯೇ. ಪಟ್ಟಿಯ ತೂಕ ಇವುಗಳಲ್ಲಿ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ.

ಸ್ಕೀ ಮೇಲೆ ಬರೆದಿರುವ ಸಂಖ್ಯೆಗಳು

ಸ್ಕೀಯ ಹಿಂಭಾಗದಲ್ಲೋ ಪಕ್ಕದಲ್ಲೋ ಸಣ್ಣ ಅಕ್ಷರಗಳಲ್ಲಿ 121-68-104 ಎಂಬಂಥ ಮೂರು ಸಂಖ್ಯೆಗಳು, ಅದರ ಪಕ್ಕದಲ್ಲಿ R ಅಕ್ಷರದೊಂದಿಗೆ ಇನ್ನೊಂದು ಸಂಖ್ಯೆ ಇರುತ್ತವೆ. ಮೊದಲ ಮೂರು ಕ್ರಮವಾಗಿ ಮುಂಭಾಗ, ಸೊಂಟ, ಹಿಂಭಾಗದ ಅಗಲ, ಮಿಲಿಮೀಟರುಗಳಲ್ಲಿ. ಆ ಇನ್ನೊಂದು ಸಂಖ್ಯೆ ತ್ರಿಜ್ಯ, ಮೀಟರುಗಳಲ್ಲಿ. ಸ್ಕೀಯ ಪಕ್ಕದ ಬಾಗನ್ನೇ ಮುಂದುವರಿಸಿ ಪೂರ್ತಿ ವೃತ್ತ ಎಳೆದರೆ ಅದರ ತ್ರಿಜ್ಯ ಎಷ್ಟಾಗುತ್ತದೆ ಎಂಬುದು ಅದರ ಅರ್ಥ.

ಇದನ್ನು ನಾವೇ ಲೆಕ್ಕ ಹಾಕಿ ನೋಡಬಹುದು. 121 ಮತ್ತು 104 ಕೂಡಿ, ಸೊಂಟದ ಎರಡರಷ್ಟು ಅಂದರೆ 136 ಕಳೆಯಿರಿ, ಬಂದ 89ನ್ನು ನಾಲ್ಕರಿಂದ ಭಾಗಿಸಿ. ಸೊಂಟ ಸುಮಾರು 22 ಮಿಲಿಮೀಟರ್ ಒಳಸರಿದಿದೆ ಎಂದಾಯಿತು. ಸ್ಕೀ 155 ಸೆಂಟಿಮೀಟರ್ ಉದ್ದವಿದ್ದರೆ ಹಿಮಕ್ಕೆ ತಾಗುವ ಅಂಚು ಸುಮಾರು 1.4 ಮೀಟರ್ ಎಂದುಕೊಳ್ಳೋಣ. ಆ ಉದ್ದದ ವರ್ಗವನ್ನು, ಒಳಸರಿದ ಅಳತೆಯ ಎಂಟರಷ್ಟರಿಂದ ಭಾಗಿಸಿದರೆ ತ್ರಿಜ್ಯ ಸುಮಾರು 11 ಮೀಟರ್ ಬರುತ್ತದೆ. ಉದ್ದದ ವರ್ಗ ಬರುವುದರಿಂದ, ಅಗಲಗಳು ಅವೇ ಇದ್ದರೂ ಸ್ಕೀ ಉದ್ದವಾದಷ್ಟೂ ತ್ರಿಜ್ಯ ಬೇಗ ಬೇಗ ಹಿಗ್ಗುತ್ತದೆ. "ಮಾಡೆಲ್ ಅದೇ, ಬರೀ 10 ಸೆಂಟಿಮೀಟರ್ ಉದ್ದ" ಎಂದು ಯಾರಾದರೂ ಅಂದರೆ ಆ ಉದ್ದದ ತ್ರಿಜ್ಯ ಎಷ್ಟು ಎಂದು ಬೇರೆಯಾಗಿಯೇ ಕೇಳಬೇಕು.

ವಾಲಿಸಿದಾಗ ತಿರುವು ಇದಕ್ಕಿಂತ ಚಿಕ್ಕದಾಗುತ್ತದೆ. ಗಟ್ಟಿ ಹಿಮದ ಮೇಲೆ, ಬರೆದಿರುವ ತ್ರಿಜ್ಯವನ್ನು ವಾಲಿಕೆಯ ಕೋನದ ಕೊಸೈನ್‌ನಿಂದ ಗುಣಿಸಿದರೆ ಹತ್ತಿರದ ಉತ್ತರ ಸಿಗುತ್ತದೆ. 12 ಮೀಟರಿನ ಸ್ಕೀಯನ್ನು 30 ಡಿಗ್ರಿ ವಾಲಿಸಿದರೆ ತಿರುವಿನ ತ್ರಿಜ್ಯ 10.4 ಮೀಟರ್, 45 ಡಿಗ್ರಿಗೆ 8.5, 60 ಡಿಗ್ರಿಗೆ 6.

ಇನ್ನು ವೇಗ. ಬೈಕ್ ಸವಾರರು ತಿರುವಿನಲ್ಲಿ ವಾಲುವ ಹಾಗೆ ಸ್ಕೀ ಮಾಡುವವರೂ ವಾಲುತ್ತಾರೆ. ತಿರುವಿನ ತ್ರಿಜ್ಯಕ್ಕೆ ತಕ್ಕ ವೇಗ ಇಲ್ಲದಿದ್ದರೆ ಒಳಗಡೆಗೆ ಬೀಳುತ್ತಾರೆ. ಇಳಿಜಾರನ್ನು ಬದಿಗಿಟ್ಟು ಸರಳ ಲೆಕ್ಕ ಮಾಡಿದರೆ, 30 ಡಿಗ್ರಿ ವಾಲಿ ಸಮತೋಲನದಲ್ಲಿ ಇರಲು 12 ಮೀಟರಿನ ಸ್ಕೀಗೆ ಗಂಟೆಗೆ ಸುಮಾರು 28 ಕಿಲೋಮೀಟರ್ ವೇಗ ಸಾಕು. 17 ಮೀಟರಿನದ್ದಕ್ಕೆ 33 ಬೇಕು. 45 ಮೀಟರಿನದ್ದಕ್ಕೆ 53.

ಆ 45 ಮೀಟರನ್ನು ಸುಮ್ಮನೆ ಸೇರಿಸಲಿಲ್ಲ. 1990ರ ದಶಕದ ಆರಂಭದವರೆಗೆ ಸ್ಕೀಗಳು ಹೆಚ್ಚು ಕಡಿಮೆ ನೇರವಾದ, ಎರಡು ಮೀಟರ್ ಆಸುಪಾಸಿನ ಉದ್ದದ ಹಲಗೆಗಳಾಗಿದ್ದವು. ಅವುಗಳ ಪಕ್ಕದ ಬಾಗು ಈ ಅಂದಾಜಿನಲ್ಲೇ ಇರುತ್ತಿತ್ತು. ಅಂಥ ಸ್ಕೀಯಲ್ಲಿ ಅಂಚಿನ ಮೇಲೆ ತಿರುಗಬೇಕಾದರೆ ಪಂದ್ಯದವರ ವೇಗ, ಪಂದ್ಯದವರ ಕಾಲು ಎರಡೂ ಬೇಕು. 1993ರಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ, ಯೂರಿ ಫ್ರಾಂಕೊ ಮತ್ತು ಪಾವೆಲ್ ಶ್ಕೋಫಿಚ್ ಎಂಬ ಎಂಜಿನಿಯರುಗಳು ರೂಪಿಸಿದ, ಸೊಂಟ ಗಣನೀಯವಾಗಿ ಸಣ್ಣಗಿದ್ದ ಎಸ್‌ಸಿಎಕ್ಸ್ ಎಂಬ ಸ್ಕೀಯನ್ನು ಹೊರತಂದಿತು. ಆಮೇಲಿನ ಕೆಲವೇ ವರ್ಷಗಳಲ್ಲಿ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಸಾಮಾನ್ಯರಿಗೆ ಕಾರ್ವಿಂಗ್ ಕೈಗೆಟಕಿದ್ದು ಸ್ಕೀ ಹಗುರವಾದದ್ದರಿಂದಲ್ಲ, ಅದರ ಸೊಂಟ ಸಣ್ಣದಾದದ್ದರಿಂದ.

ನಿಧಾನವಾಗಿ, ಚಿಕ್ಕ ಚಿಕ್ಕ ತಿರುವುಗಳಲ್ಲಿ ಇಳಿಯಬೇಕು ಎನ್ನುವವರಿಗೆ ಹೀಗಾಗಿ ಮೊದಲ ಸಂಖ್ಯೆ ತ್ರಿಜ್ಯ. 11ರಿಂದ 13 ಮೀಟರ್ ಆಸುಪಾಸು ಇರಲಿ. ಎರಡನೆಯದು ಸೊಂಟದ ಅಗಲ. 65ರಿಂದ 72 ಮಿಲಿಮೀಟರ್ ಇದ್ದರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಳುವುದು ಚುರುಕು. ಸೊಂಟ 85, 90 ಆದಂತೆ ಅಂಚು ಪಾದದ ನಡುಗೆರೆಯಿಂದ ದೂರ ಸರಿಯುತ್ತದೆ. ಗಟ್ಟಿ ಹಿಮದ ಮೇಲೆ ಅದನ್ನು ವಾಲಿಸಿ ಹಿಡಿಯಲು ಕಣಕಾಲು ಮತ್ತು ಮಂಡಿ ಹೆಚ್ಚು ದುಡಿಯಬೇಕು.

ಬಾಗದಿದ್ದರೆ ಎಲ್ಲ ಲೆಕ್ಕವೂ ಕಾಗದದ ಮೇಲೆ

ಮೇಲಿನ ಲೆಕ್ಕಕ್ಕೆ ಒಂದು ಷರತ್ತಿದೆ: ಸ್ಕೀ ಬಾಗಬೇಕು. ಲಗ್ನಪತ್ರಿಕೆಯ ಬದಲು ಮರದ ಅಡಿಪಟ್ಟಿಯನ್ನು ಅದೇ ಆಕಾರಕ್ಕೆ ಕತ್ತರಿಸಿ ಒತ್ತಿದರೆ ಅದು ಜಗ್ಗುವುದಿಲ್ಲ. 80 ಕಿಲೋ ತೂಕದವರಿಗೆ ಹೊಂದುವಂತೆ ಮಾಡಿದ ಸ್ಕೀ ಮೇಲೆ 50 ಕಿಲೋದವರು ನಿಂತರೂ ಹೀಗೆಯೇ. ತುದಿಗಳು ಹಿಮಕ್ಕೆ ಕಚ್ಚುತ್ತವೆ, ನಡುಭಾಗ ಕಚ್ಚುವುದಿಲ್ಲ. ಸ್ಕೀ ತನ್ನ ಮೇಲೆ ಬರೆದ ತ್ರಿಜ್ಯದಲ್ಲಿ ತಿರುಗದೆ ಪಕ್ಕಕ್ಕೆ ಜಾರುತ್ತದೆ. ಕಲಿಸುವವರು "ಇನ್ನೂ ಒತ್ತು ಕೊಡಿ" ಎನ್ನುತ್ತಾರೆ. ಕೊಡಲು ಇರುವುದೇ ಅಷ್ಟು.

ಬಾಗುವುದರ ಜೊತೆ ಇನ್ನೊಂದನ್ನು ಬೆರೆಸಬಾರದು. ಉದ್ದಕ್ಕೆ ಬಾಗುವುದು ಬೇರೆ, ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುವುದು ಬೇರೆ. ಒಳ್ಳೆಯ ಚಿಕ್ಕ ತಿರುವಿನ ಸ್ಕೀ ಉದ್ದಕ್ಕೆ ಸಲೀಸಾಗಿ ಬಾಗಬೇಕು, ಆದರೆ ತಿರುಚಿಕೊಳ್ಳಬಾರದು. ತಿರುಚಿಕೊಂಡರೆ ಪಾದದ ಕೆಳಗೆ 30 ಡಿಗ್ರಿ ಇರುವ ವಾಲಿಕೆ ತುದಿಯಲ್ಲಿ 25ಕ್ಕೆ ಇಳಿಯುತ್ತದೆ, ಅಂಚು ಹಿಡಿತ ಬಿಡುತ್ತದೆ. ಅಗ್ಗದ ಹಗುರ ಸ್ಕೀಗಳು ಸೋಲುವುದು ಬಹಳ ಸಲ ಇಲ್ಲಿಯೇ. ಎರಡೂ ದಿಕ್ಕಿನಲ್ಲಿ ಮೆತ್ತಗಾಗಿಸುವುದು ಸುಲಭ. ಒಂದರಲ್ಲಿ ಮೆತ್ತಗೆ, ಇನ್ನೊಂದರಲ್ಲಿ ಬಿಗಿಯಾಗಿಸಲು ಖರ್ಚಾಗುತ್ತದೆ.

ತೂಕ ಎಲ್ಲಿ ಲೆಕ್ಕಕ್ಕೆ ಬರುತ್ತದೆ?

ಹಾಗಾದರೆ ತೂಕಕ್ಕೆ ಬೆಲೆಯೇ ಇಲ್ಲವೇ? ಇದೆ, ಆದರೆ ನಾವು ಅಂದುಕೊಂಡ ಕಡೆ ಅಲ್ಲ.

ಕಾರ್ವಿಂಗ್ ಮಾಡುವಾಗ ಸ್ಕೀಯನ್ನು ಎತ್ತುವುದಿಲ್ಲ. ಹಿಮದ ಮೇಲೆಯೇ ಇಟ್ಟು ಬದಿಯಿಂದ ಬದಿಗೆ ಹೊರಳಿಸುತ್ತೇವೆ. 55 ಕಿಲೋ ತೂಕದವರ ಒಂದು ಕಾಲೇ ಸುಮಾರು 9 ಕಿಲೋ ಇರುತ್ತದೆ. ಅದಕ್ಕೆ ಒಂದೂವರೆ ಎರಡು ಕಿಲೋದ ಬೂಟು ಸೇರಿಸಿ. ಆ ಹನ್ನೊಂದು ಕಿಲೋದ ಕೆಳಗೆ ಸ್ಕೀ 400 ಗ್ರಾಂ ಹೆಚ್ಚೋ ಕಡಿಮೆಯೋ ಎಂಬುದು ಹೊರಳಿಸುವಾಗ ದೊಡ್ಡ ವ್ಯತ್ಯಾಸವಲ್ಲ. 45 ಡಿಗ್ರಿ ವಾಲಿ, ಗಂಟೆಗೆ 33 ಕಿಲೋಮೀಟರ್ ವೇಗದಲ್ಲಿ 12 ಮೀಟರಿನ ಸ್ಕೀಯ ಮೇಲೆ ತಿರುಗುವಾಗ ಅದೇ 55 ಕಿಲೋದ ದೇಹ 78 ಕಿಲೋದಷ್ಟು ಭಾರ ಒತ್ತುತ್ತದೆ. ತೊಡೆ ಉರಿಯುವುದು ಈ ಭಾರಕ್ಕೆ. ಸ್ಕೀಯ 400 ಗ್ರಾಂ ಅದಕ್ಕೆ ಕಾರಣವಲ್ಲ.

ಪಾದ ತಿರುಚಿ ಜಾರಿಸುವ ತಿರುವಿನಲ್ಲಿ ತೂಕ ಗೊತ್ತಾಗುತ್ತದೆ. ಅಲ್ಲಿ ಸ್ಕೀಯನ್ನು ಗಡಿಯಾರದ ಮುಳ್ಳಿನಂತೆ ತಿರುಗಿಸಬೇಕು. ತುದಿಗಳಲ್ಲಿ ಇರುವ ತೂಕ ಹೆಚ್ಚು ಕಾಡುತ್ತದೆ. ಇಲ್ಲೂ ಒಂದು ಸ್ವಾರಸ್ಯವಿದೆ. ಹೀಗೆ ತಿರುಗಿಸಲು ಸ್ಕೀ ಒಡ್ಡುವ ಅಡ್ಡಿ ಅದರ ತೂಕಕ್ಕೆ ಮಾತ್ರವಲ್ಲ, ಉದ್ದದ ವರ್ಗಕ್ಕೂ ಅನುಗುಣ. ಉದ್ದ ಕಡಿಮೆಯಾದರೆ ತೂಕವೂ ಕಡಿಮೆಯಾಗುವುದರಿಂದ ಒಟ್ಟಾರೆ ಅದು ಉದ್ದದ ಘನದ ಲೆಕ್ಕದಲ್ಲಿ ಇಳಿಯುತ್ತದೆ. 165 ಸೆಂಟಿಮೀಟರ್ ಬದಲು 155 ತೆಗೆದುಕೊಂಡರೆ ಅಡ್ಡಿ ಸುಮಾರು ಶೇಕಡ 17ರಷ್ಟು ತಗ್ಗುತ್ತದೆ. ದುಬಾರಿ ಕಾರ್ಬನ್‌ಗೆ ಹಣ ಸುರಿಯುವ ಮೊದಲು ಸರಿಯಾದ ಉದ್ದ ಆರಿಸಿಕೊಳ್ಳುವುದು ಒಳ್ಳೆಯದು.

ತೂಕ ನಿಜಕ್ಕೂ ಕಾಡುವುದು ಸ್ಕೀ ಮಾಡದೇ ಇರುವಾಗ. ರೈಲು ನಿಲ್ದಾಣದಿಂದ ಹೆಗಲ ಮೇಲೆ ಹೊತ್ತು ನಡೆಯುವಾಗ, ಇನ್ನೊಂದು ಹೆಗಲಿಗೆ ಮಗುವಿನ ಸ್ಕೀಯೂ ಬಂದಾಗ, ಕಾಲೂರಲು ಸರಳಿಲ್ಲದ ಕುರ್ಚಿ ಲಿಫ್ಟಿನಲ್ಲಿ ಹತ್ತು ನಿಮಿಷ ಕಾಲು ಜೋಲಾಡಿಸಿಕೊಂಡು ಕೂತಾಗ, ಅಡ್ಡಡ್ಡ ಹೆಜ್ಜೆ ಹಾಕುತ್ತ ಏರು ಹತ್ತುವಾಗ. ಇವು ಸಣ್ಣ ಸಂಗತಿಗಳಲ್ಲ. ಬೈಂಡಿಂಗ್ ಸೇರಿ ಜೊತೆಯೊಂದು ನಾಲ್ಕೂವರೆ ಕಿಲೋ ಇದ್ದರೆ ಹಗುರ ಎನ್ನಬಹುದು. ಪಂದ್ಯದ ಮಾದರಿಯ ಸ್ಲಾಲಮ್ ಸ್ಕೀ ಜೊತೆ ಆರು ಕಿಲೋ ದಾಟುತ್ತದೆ. ಒಂದೂವರೆ ಕಿಲೋ ಉಳಿತಾಯ ಹೆಗಲಿಗೆ ಗೊತ್ತಾಗುತ್ತದೆ.

ಆದರೆ ಆ ಉಳಿತಾಯಕ್ಕೆ ಇಳಿಜಾರಿನಲ್ಲಿ ಬೆಲೆ ತೆರಬೇಕು. ಗಲ್ಲಿ ಕ್ರಿಕೆಟ್ ಆಡಿದವರಿಗೆ ಗೊತ್ತು, ಟೆನಿಸ್ ಚೆಂಡು ಸಣ್ಣ ಕಲ್ಲಿಗೆ ತಾಗಿದರೂ ದಿಕ್ಕು ತಪ್ಪುತ್ತದೆ, ಕಾರ್ಕ್ ಚೆಂಡು ಅಷ್ಟು ಬೇಗ ತಪ್ಪುವುದಿಲ್ಲ. ಬೆಳಗ್ಗೆ ಯಂತ್ರದಿಂದ ಹದಮಾಡಿದ ಹಿಮ ನುಣುಪಾಗಿರುತ್ತದೆ, ಆಗ ಹಗುರ ಸ್ಕೀ ಬಲು ಚೆನ್ನ. ಮಧ್ಯಾಹ್ನದ ಹೊತ್ತಿಗೆ ನೂರಾರು ಜನ ಓಡಾಡಿ ಅಲ್ಲಲ್ಲಿ ಹಿಮದ ಗುಡ್ಡೆ, ನಡುನಡುವೆ ಮಂಜುಗಡ್ಡೆ. ಈಗ ಹಗುರ ಸ್ಕೀ ಪ್ರತಿ ಹೆಂಟೆಗೂ ಪುಟಿಯುತ್ತದೆ, ಅಂಚು ಹಿಮ ಬಿಟ್ಟು ಹಿಡಿದು ಮಾಡುತ್ತದೆ. ಆ ನಡುಕ ಹೀರಿಕೊಳ್ಳುವ ಕೆಲಸ ಮಂಡಿ ಮತ್ತು ತೊಡೆಗೆ ಬೀಳುತ್ತದೆ. ಆಯಾಸ ತಪ್ಪಿಸಲು ಕೊಂಡ ಸ್ಕೀಯೇ ಸಂಜೆ ಹೊತ್ತಿಗೆ ಆಯಾಸ ಕೊಡುತ್ತದೆ.

ಪಂದ್ಯದವರು ಏನು ಮಾಡುತ್ತಾರೆ ನೋಡಿ. ಅಮೆರಿಕದ ಮಿಕೇಲಾ ಶಿಫ್ರಿನ್ 2025ರ ಫೆಬ್ರವರಿ 23ರಂದು ಇಟಲಿಯ ಸೆಸ್ಟ್ರಿಯೆರೆಯಲ್ಲಿ ತನ್ನ 100ನೇ ವಿಶ್ವಕಪ್ ಗೆಲುವು ಪಡೆದದ್ದು ಸ್ಲಾಲಮ್‌ನಲ್ಲಿ, ಅಂದರೆ ಅತಿ ಚಿಕ್ಕ ತಿರುವುಗಳ ಪಂದ್ಯದಲ್ಲಿ. ನಮ್ಮ ಮನಾಲಿಯ ಆಂಚಲ್ ಠಾಕೂರ್ 2018ರಲ್ಲಿ ಟರ್ಕಿಯಲ್ಲಿ ಭಾರತಕ್ಕೆ ಕಂಚು ತಂದದ್ದೂ ಸ್ಲಾಲಮ್‌ನಲ್ಲೇ. ಈ ಪಂದ್ಯಕ್ಕೆ ಹೆಂಗಸರ ಸ್ಕೀ ಕನಿಷ್ಠ 155, ಗಂಡಸರದ್ದು ಕನಿಷ್ಠ 165 ಸೆಂಟಿಮೀಟರ್ ಇರಬೇಕೆಂಬ ನಿಯಮವಿದೆ. ಉದ್ದ ಕಡಿಮೆ ನಿಜ, ಆದರೆ ಹೆಂಗಸರ ಪಂದ್ಯದ ಸ್ಕೀಯಲ್ಲೂ ಲೋಹದ ಪದರ, ಬೈಂಡಿಂಗ್ ಕೆಳಗೆ ದಪ್ಪ ಪ್ಲೇಟು ಎಲ್ಲ ಇರುತ್ತವೆ. ಮಂಜುಗಡ್ಡೆಯಂಥ ಹಿಮದ ಮೇಲೆ ಅಂಚು ಬಿಡದಿರಲು ಆ ತೂಕ ಬೇಕು. ಹಾಗೆಂದು ನಾವೂ ಅದನ್ನೇ ಕೊಳ್ಳಬೇಕಿಲ್ಲ. ಅವರ ವೇಗ, ಅವರ ಬಲ ನಮಗಿಲ್ಲ.

ಹೆಸರಿನಲ್ಲಿ ಟೈಟೇನಿಯಂ, ಒಳಗೆ ಅಲ್ಯೂಮಿನಿಯಂ

ಸ್ಕೀ ಹೆಸರುಗಳಲ್ಲಿ "ಟಿಐ" ಎಂಬ ಎರಡಕ್ಷರ ಆಗಾಗ ಕಾಣುತ್ತದೆ. ಅಂಗಡಿಯಲ್ಲಿ ಕೇಳಿದರೆ "ಟೈಟೇನಿಯಂ ಹಾಕಿದ್ದಾರೆ, ಅದಕ್ಕೇ ಗಟ್ಟಿ ಮತ್ತು ಹಗುರ" ಎಂಬ ಉತ್ತರ ಸಿಗುವುದುಂಟು. ಇದು ಹೆಸರು ತಂದಿಟ್ಟ ತಪ್ಪು ತಿಳಿವಳಿಕೆ. ಸ್ಕೀಗಳಲ್ಲಿ ಹಾಕುವುದು ಟೈಟನಲ್. ಆಸ್ಟ್ರಿಯಾದ ಅಮಾಗ್ ಕಂಪನಿಯ ಈ ಮಿಶ್ರಲೋಹ ಮುಖ್ಯವಾಗಿ ಅಲ್ಯೂಮಿನಿಯಂ. ಜೊತೆಗೆ ಸತು, ಮೆಗ್ನೀಷಿಯಂ, ತಾಮ್ರ ಬೆರೆಸಿರುತ್ತಾರೆ. ಟೈಟೇನಿಯಂ ಹಾಕಿದ್ದರೆ ಸ್ಕೀ ಇನ್ನೂ ಭಾರವಾಗುತ್ತಿತ್ತು, ಏಕೆಂದರೆ ಒಂದು ಘನ ಸೆಂಟಿಮೀಟರ್ ಟೈಟೇನಿಯಂ ನಾಲ್ಕೂವರೆ ಗ್ರಾಂ ತೂಗುತ್ತದೆ, ಅಲ್ಯೂಮಿನಿಯಂ ಮೂರು ಗ್ರಾಂಗೂ ಕಡಿಮೆ.

ಟೈಟನಲ್ ಇದ್ದರೆ ಸ್ಕೀ ಹಗುರವಾಗುವುದಿಲ್ಲ, ಭಾರವಾಗುತ್ತದೆ. 0.4 ಮಿಲಿಮೀಟರ್ ದಪ್ಪದ ಹಾಳೆಯನ್ನು 160 ಸೆಂಟಿಮೀಟರ್ ಉದ್ದ, ಸರಾಸರಿ ಎಂಟೂವರೆ ಸೆಂಟಿಮೀಟರ್ ಅಗಲದ ಸ್ಕೀಗೆ ಪೂರ್ತಿ ಹಾಸಿದರೆ ಸುಮಾರು 150 ಗ್ರಾಂ. ಮೇಲೊಂದು ಕೆಳಗೊಂದು ಹಾಕಿದರೆ 300, ಜೊತೆಗೆ 600. ಇದರಿಂದ ಸಿಗುವುದು ನಡುಕ ಕಡಿಮೆಯಾಗುವುದು ಮತ್ತು ತಿರುಚಿಕೊಳ್ಳದಿರುವುದು. 50 ಕಿಲೋ ಆಸುಪಾಸಿನವರಿಗೆ ಎರಡು ಪೂರ್ತಿ ಹಾಳೆ ಹೆಚ್ಚಾಗಬಹುದು. ನಡುಭಾಗದಲ್ಲಿ ಮಾತ್ರ ಲೋಹ ಇರುವ, ಅಥವಾ ಲೋಹವಿಲ್ಲದೆ ಗಾಜಿನ ನಾರಿನಿಂದ ಮಾಡಿದ ಸ್ಕೀ ಅವರ ಮಾತು ಹೆಚ್ಚು ಕೇಳುತ್ತದೆ. 70 ಕಿಲೋದ, ವೇಗವಾಗಿ ಹೋಗುವ ಹೆಣ್ಣುಮಗಳಿಗೆ ಲೋಹದ ಸ್ಕೀಯೇ ಸರಿ, ಅದರ ಮೇಲೆ ಯಾವ ಬಣ್ಣವಿದ್ದರೂ.

ಹಗುರವಾಗಿಸುವ ಬೇರೆ ದಾರಿ ಒಳಗಿನ ಮರ. ಬೀಚ್, ಆಶ್ ಮರಗಳು ಭಾರ ಮತ್ತು ಗಟ್ಟಿ. ಪಾಪ್ಲರ್ ನಡುತೂಕ. ಪೌಲೋನಿಯಾ ಎಂಬ ಮರ ಬೀಚ್‌ನ ಅರ್ಧಕ್ಕೂ ಕಡಿಮೆ ತೂಗುತ್ತದೆ. ಹೆಂಗಸರ ಹಗುರ ಸ್ಕೀಗಳಲ್ಲಿ ಪಾಪ್ಲರ್ ಅಥವಾ ಪೌಲೋನಿಯಾ ಕಾಣುತ್ತೇವೆ. ಎರಡು ಬಗೆಯ ಮರದ ಪಟ್ಟಿಗಳನ್ನು ಸೇರಿಸಿದ್ದೂ ಉಂಟು, ಬೈಂಡಿಂಗ್ ತಿರುಪು ಕೂರುವ ಕಡೆ ಗಟ್ಟಿ ಮರ, ಉಳಿದೆಡೆ ಹಗುರದ್ದು. ಮರದ ಬದಲು ಬರೀ ಫೋಮ್ ತುಂಬಿದ ಅಗ್ಗದ ಸ್ಕೀ ಕೈಯಲ್ಲಿ ಹಿಡಿದರೆ ಅದೇ ಹಗುರ ಅನ್ನಿಸುತ್ತದೆ. ಕೈಯಲ್ಲಿ ತೂಗಿ ನೋಡುವವರು ಮೋಸಹೋಗುವುದು ಇದರಲ್ಲೇ.

"ಲೇಡೀಸ್ ಮಾಡೆಲ್" ಅಂದರೆ ಏನು?

ಬಹಳ ಕಾಲ ಇದರ ಅರ್ಥ, ಗಂಡಸರ ಸ್ಕೀಯನ್ನು ಚಿಕ್ಕದು ಮಾಡಿ ಮೇಲೆ ಗುಲಾಬಿ ಬಣ್ಣ ಬಳಿಯುವುದು ಎಂದಾಗಿತ್ತು. ಅಮೆರಿಕದಲ್ಲಿ ಜೀನಿ ಥೋರೆನ್ ಎಂಬಾಕೆ ಇದರ ವಿರುದ್ಧ ದಶಕಗಳ ಕಾಲ ಮಾತಾಡಿದರು. ಹೆಂಗಸರ ದೇಹದ ತೂಕದ ಹಂಚಿಕೆ ಬೇರೆ, ಬೈಂಡಿಂಗನ್ನು ತುಸು ಮುಂದೆ ಕೂರಿಸಬೇಕು ಎಂಬುದು ಅವರ ವಾದದ ತಿರುಳು. ಇಂದು ಹಲವು ಹೆಂಗಸರ ಸ್ಕೀಗಳಲ್ಲಿ ಬೈಂಡಿಂಗ್ ಜಾಗ ಸ್ವಲ್ಪ ಮುಂದಿರುತ್ತದೆ. ಬೂಟುಗಳಲ್ಲಂತೂ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದು. ಮೀನಖಂಡ ಸಾಮಾನ್ಯವಾಗಿ ಕೆಳಗೆ ಇರುವುದರಿಂದ ಹೆಂಗಸರ ಬೂಟಿನ ಕಂಠ ಗಿಡ್ಡ, ಅಗಲ.

ನಮ್ಮ ಅಭಿಪ್ರಾಯದಲ್ಲಿ, ಹೆಂಗಸರ ಸ್ಕೀ ಎಂಬ ಚೀಟಿ ಬೂಟಿನ ಮಟ್ಟಿಗೆ ಕೆಲಸದ್ದು, ಸ್ಕೀಯ ಮಟ್ಟಿಗೆ ಅಷ್ಟಾಗಿ ಅಲ್ಲ. ಸ್ಕೀಗೆ ಗೊತ್ತಾಗುವುದು ಮೇಲೆ ನಿಂತವರ ತೂಕ, ವೇಗ, ವಾಲಿಕೆ. ಹೆಂಗಸೋ ಗಂಡಸೋ ಅದಕ್ಕೆ ಗೊತ್ತಾಗುವುದಿಲ್ಲ. ಸರಾಸರಿಯಲ್ಲಿ ಹೆಂಗಸರ ತೂಕ ಕಡಿಮೆ, ಆದ್ದರಿಂದ ಮೆತ್ತನೆಯ ಸ್ಕೀ ಅವರಲ್ಲಿ ಹೆಚ್ಚಿನವರಿಗೆ ಹೊಂದುತ್ತದೆ. 55 ಕಿಲೋದ ಗಂಡಸಿಗೂ ಅದೇ ಹೊಂದುತ್ತದೆ, ಆತ ಬಣ್ಣ ನೋಡಿ ದೂರ ಸರಿಯದಿದ್ದರೆ.

ಮಂಡಿಯ ಮಾತು

ಇಲ್ಲಿಯವರೆಗೆ ಹೇಳಿದ್ದು ಸುಖದ ವಿಷಯ. ಇನ್ನು ನೋವಿನದ್ದು. ಹವ್ಯಾಸಕ್ಕೆ ಸ್ಕೀ ಮಾಡುವವರಲ್ಲಿ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು ಹೆಂಗಸರಲ್ಲಿ ಗಂಡಸರಿಗಿಂತ ಸರಿಸುಮಾರು ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿವೆ. ಒಮ್ಮೆ ಹರಿದರೆ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ವ್ಯಾಯಾಮ, ಮೆಟ್ಟಿಲಿನ ಭಯ.

ಬೈಂಡಿಂಗ್ ಇದೆಯಲ್ಲ, ಬಿದ್ದರೆ ತಾನೇ ಬಿಟ್ಟುಕೊಳ್ಳುತ್ತದೆಯಲ್ಲ ಎಂದು ಕೇಳಬಹುದು. ಬೈಂಡಿಂಗ್ ರೂಪುಗೊಂಡದ್ದು ಮುಖ್ಯವಾಗಿ ಮೊಣಕಾಲ ಕೆಳಗಿನ ಮೂಳೆ ಮುರಿಯದಂತೆ. ಆ ಕೆಲಸವನ್ನು ಅದು ಬಹಳ ಚೆನ್ನಾಗಿ ಮಾಡಿದೆ. ಎಸಿಎಲ್ ಅಪಾಯ ಬೇರೆ ಬಗೆಯದು. ಅಮೆರಿಕದ ವರ್ಮಾಂಟ್‌ನಲ್ಲಿ ಸ್ಕೀ ಗಾಯಗಳನ್ನು ದೀರ್ಘಕಾಲ ಅಧ್ಯಯನ ಮಾಡಿದ ಎಟ್ಲಿಂಗರ್, ಜಾನ್ಸನ್, ಶೀಲಿ ಇದನ್ನು ವಿವರಿಸಿದ್ದಾರೆ. ಹಿಂದಕ್ಕೆ ಬೀಳುತ್ತಿದ್ದೇವೆ, ಸೊಂಟ ಮಂಡಿಗಿಂತ ಕೆಳಗಿಳಿದಿದೆ, ಭಾರವೆಲ್ಲ ಒಂದೇ ಸ್ಕೀಯ ಹಿಂಭಾಗದ ಒಳ ಅಂಚಿನ ಮೇಲಿದೆ. ಆಗ ಬೂಟಿನ ಹಿಂದೆ ಚಾಚಿದ ಸ್ಕೀಯ ಬಾಲ ಒಂದು ಸನ್ನೆಕೋಲಾಗಿ ಕಾಲನ್ನು ಮಂಡಿಯಲ್ಲಿ ತಿರುಚುತ್ತದೆ. ಈ ತಿರುಚು ಬೈಂಡಿಂಗ್‌ಗೆ ಸರಿಯಾಗಿ ತಲುಪದೆ ಅದು ಬಿಟ್ಟುಕೊಳ್ಳದೇ ಇರಬಹುದು. ಬೀಳುವಾಗ ಏಳಲು ಹೆಣಗಬಾರದು, ನಿಲ್ಲುವವರೆಗೆ ಎದ್ದು ನಿಲ್ಲುವ ಯತ್ನ ಬೇಡ ಎಂದು ಕಲಿಸುವುದು ಇದಕ್ಕೇ.

ಆದ್ದರಿಂದ ಬೈಂಡಿಂಗ್ ಎಂಬುದು ಸ್ಕೀಯ ಜೊತೆ ಉಚಿತವಾಗಿ ಬರುವ ತಗಡಲ್ಲ. ಅದನ್ನು ಯಾವ ಸಂಖ್ಯೆಗೆ ಕೂರಿಸಬೇಕು ಎಂಬುದಕ್ಕೆ ಐಎಸ್ಒ 11088 ಎಂಬ ಅಂತರರಾಷ್ಟ್ರೀಯ ಮಾನದಂಡದ ಕೋಷ್ಟಕವಿದೆ. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಹೇಗೆ ಸ್ಕೀ ಮಾಡುತ್ತೀರಿ, ಇಷ್ಟೂ ಬೇಕು. ಐವತ್ತು ತುಂಬಿದವರಿಗೆ ಸಂಖ್ಯೆ ಒಂದು ಮೆಟ್ಟಿಲು ಇಳಿಯುತ್ತದೆ. ಇಲ್ಲಿ ನಾಚಿಕೆಗೆ ಜಾಗವಿಲ್ಲ. ಕೋಷ್ಟಕದಲ್ಲಿ 49ರಿಂದ 57 ಕಿಲೋ ಒಂದು ಸಾಲು, 58ರಿಂದ 66 ಇನ್ನೊಂದು, 67ರಿಂದ 78 ಮತ್ತೊಂದು. ಸಾಲಿನಲ್ಲಿ ಹಿಂದೆ ನಿಂತವರಿಗೆ ಕೇಳಿಸಬಾರದೆಂದು 68 ಇರುವವರು 60 ಎಂದರೆ ಬೈಂಡಿಂಗ್ ಬಿಗಿ ಕಡಿಮೆಯಾಗಿ, ಗಟ್ಟಿ ತಿರುವಿನ ನಡುವೆ ಸ್ಕೀ ಕಳಚಿಕೊಳ್ಳಬಹುದು. "ನಾನು ಚೆನ್ನಾಗಿಯೇ ಮಾಡುತ್ತೇನೆ" ಎಂದು ಜಂಬಕ್ಕೆ ಮೇಲಿನ ವರ್ಗ ಹೇಳಿದರೆ ಬೀಳುವಾಗ ಕಳಚಿಕೊಳ್ಳದೇ ಇರಬಹುದು. ಬಾಯಲ್ಲಿ ಹೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದುಕೊಡಿ.

ಇನ್ನೊಂದು ವಿಷಯ ಕೊಳ್ಳುವಾಗಲೇ ನೋಡಬೇಕು. ಬೈಂಡಿಂಗ್ ಮೇಲೆ 3-10 ಅಥವಾ 4-12 ಎಂಬಂಥ ವ್ಯಾಪ್ತಿ ಬರೆದಿರುತ್ತದೆ. ಕೋಷ್ಟಕದಲ್ಲಿ ನಿಮಗೆ ಮೂರೂವರೆ ಬಂದು, ಬೈಂಡಿಂಗ್ ನಾಲ್ಕರಿಂದಲೇ ಶುರುವಾಗುವುದಾದರೆ ಅದು ನಿಮ್ಮದಲ್ಲ, ರಿಯಾಯಿತಿ ಎಷ್ಟೇ ಇರಲಿ. 10ರವರೆಗಿನ ಬೈಂಡಿಂಗ್‌ಗಳು ಹಗುರವೂ ಹೌದು. ತೂಕ ಇಳಿಸಬೇಕೆಂದರೆ ಇಲ್ಲಿ ಇಳಿಸುವುದು ಜಾಣತನ, ಸ್ಕೀಯ ಹಿಡಿತಕ್ಕೆ ಧಕ್ಕೆಯಿಲ್ಲ. ಬೂಟಿನ ಅಟ್ಟೆಯ ಬಗೆಗೂ ಬೈಂಡಿಂಗ್‌ಗೂ ಹೊಂದಾಣಿಕೆ ಬೇಕು. ನಡೆಯಲು ಸುಲಭವಾಗುವಂತೆ ಬಾಗಿದ ರಬ್ಬರ್ ಅಟ್ಟೆಯ ಬೂಟು ಎಲ್ಲ ಹಳೆಯ ಬೈಂಡಿಂಗ್‌ಗಳಿಗೆ ಕೂರುವುದಿಲ್ಲ. ಸಂಖ್ಯೆ ಕೂರಿಸುವ ಕೆಲಸವನ್ನು ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಮಾಡಬೇಡಿ.

ಅಂಗಡಿಯಲ್ಲಿ, ಅಂಗಡಿಯಿಂದಾಚೆ

160 ಸೆಂಟಿಮೀಟರ್ ಎತ್ತರ, 55 ಕಿಲೋ ತೂಕ, ಹದಮಾಡಿದ ಇಳಿಜಾರುಗಳಲ್ಲಿ ನಿಧಾನವಾಗಿ ಚಿಕ್ಕ ತಿರುವು ಬೇಕು ಎನ್ನುವವರಿಗೆ ನಾವು ಹೇಳುವುದು ಇದು: ಉದ್ದ 148ರಿಂದ 155. ತ್ರಿಜ್ಯ 11ರಿಂದ 13 ಮೀಟರ್, ಸೊಂಟ 65ರಿಂದ 72. ಒಳಗೆ ಮರ ಇರಲಿ, ಪೂರ್ತಿ ಎರಡು ಪದರ ಲೋಹ ಬೇಡ. ಬೈಂಡಿಂಗ್ 10ರವರೆಗಿನದು. ಇಷ್ಟು ಹೊಂದಿದ ಎರಡು ಮೂರು ಸ್ಕೀ ಸಿಕ್ಕ ಮೇಲೆ ಅವುಗಳಲ್ಲಿ ಹಗುರವಾದದ್ದನ್ನು ಕೈಯಲ್ಲಿ ತೂಗಿ ಆರಿಸಿಕೊಳ್ಳಿ. ಆಗ ತಪ್ಪಿಲ್ಲ.

ಹಣ ಸೀಮಿತವಾಗಿದ್ದರೆ ಮೊದಲು ಬೂಟು, ಆಮೇಲೆ ಸ್ಕೀ. ವಾಲಿಕೆ ಸ್ಕೀಗೆ ತಲುಪುವುದು ಬೂಟಿನ ಮೂಲಕ. ಹಿಮ್ಮಡಿ ಒಳಗೆ ಎದ್ದಾಡುವ ಬೂಟಿನಲ್ಲಿ ಯಾವ ಸ್ಕೀಯೂ ಕೊರೆಯುವುದಿಲ್ಲ. ಸಾಧ್ಯವಾದರೆ ಕೊಳ್ಳುವ ಮೊದಲು ಅದೇ ಸ್ಕೀಯನ್ನು ಒಂದು ದಿನ ಬಾಡಿಗೆಗೆ ಪಡೆದು ನೋಡಿ. ಬೆಳಗ್ಗೆ ಮಾತ್ರವಲ್ಲ, ಹಿಮ ಕೆಟ್ಟ ಮೇಲೆ ಮಧ್ಯಾಹ್ನ ಮೂರಕ್ಕೂ ನೋಡಿ.

ಬೆಂಗಳೂರಿನಿಂದ ಗುಲ್ಮಾರ್ಗ್‌ಗೆ ಹೊರಟವರು ಇದನ್ನೆಲ್ಲ ಹಾಗೆಯೇ ಪಾಲಿಸಬೇಡಿ. ಅಲ್ಲಿನ ಗೊಂಡೊಲಾ 3,900 ಮೀಟರಿಗೂ ಮೇಲೆ ಕೊಂಡೊಯ್ದು ಬಿಡುತ್ತದೆ. ಅಲ್ಲಿಂದ ಇಳಿಯುವುದು ಯಂತ್ರ ಮುಟ್ಟದ ಆಳವಾದ ಹಿಮದಲ್ಲಿ. ಸೊಂಟ ಸಣ್ಣ ಇರುವ ಸ್ಕೀ ಅದರಲ್ಲಿ ಹೂತುಹೋಗುತ್ತದೆ, ಅಗಲವಾದದ್ದು ತೇಲುತ್ತದೆ. ಅಲ್ಲಿ ಬಾಡಿಗೆಗೆ ಪಡೆಯುವುದೇ ಸರಿ.

ಕೊನೆಗೊಂದು ಮಾತು. ಹೊಸ ಸ್ಕೀ ಸರಿಯಿಲ್ಲ ಅನ್ನಿಸಿದರೆ ಮಾರುವ ಮೊದಲು ಅಂಚು ನೋಡಿ. ಹೆಬ್ಬೆರಳಿನ ಉಗುರನ್ನು ಅಂಚಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯಿರಿ, ಬೆರಳಿನ ಚರ್ಮವನ್ನಲ್ಲ. ಉಗುರಿನಿಂದ ಬಿಳಿ ಪುಡಿ ಹೆರೆದು ಬಂದರೆ ಅಂಚು ಹರಿತ. ಉಗುರು ನುಣ್ಣಗೆ ಜಾರಿಹೋದರೆ ಅಂಚು ಮೊಂಡಾಗಿದೆ, ಸಾಣೆಗೆ ಕೊಡಿ. ಬಾಡಿಗೆ ಸ್ಕೀ ಪಡೆಯುವಾಗಲೂ ಇದನ್ನು ಅಲ್ಲೇ ಮಾಡಿ ನೋಡಬಹುದು. ಜಾರಿದರೆ ಬೇರೆ ಜೊತೆ ಕೇಳಿ.